ಅದು ಗ್ಯಾಸ್ಟ್ರಿಕ್ ಅಂತೆ

ಶನಿವಾರ ರಾತ್ರಿ ಕೇಳಿದ ಒಂದು ಫೋನ್ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಆ ಕಡೆ ಇದ್ದವರು ನಮ್ಮ ಮೇಲಿನ ಮನೆ ಹುಡುಗನ ತಾಯಿ, ತೀರ್ಥಹಳ್ಳಿಯಿಂದ. ಈ ಕಡೆ ನಾನು, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ, ಸ್ಪೀಕರ್ ಆನ್ ಮಾಡಿಕೊಂಡು.

"ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಿಗೆ ಹಾರ್ಟ್ ತೊಂದರೆಯಿಂದ ಹೋಗಿದ್ದಾರಾ ಅಂತ ಡಾಕ್ಟ್ರು ಕೇಳ್ತಿದ್ದಾರೆ."

"ಇಲ್ಲ ಮಾರಾಯ್ರೆ, ನಮ್ಮ ಕಡೆ ಹಾರ್ಟ್ ತೊಂದರೆ ಯಾರಿಗೂ ಇಲ್ಲ. ನನ್ನ ತಮ್ಮ ಮೂವತ್ತೇಳಕ್ಕೇ ಹೋದ. ಆದ್ರೆ ಅದು ಗ್ಯಾಸ್ಟ್ರಿಕ್."

ಬರೆಯುತ್ತಿದ್ದ ಡಾಕ್ಟರ್ ಪೆನ್ ನಿಲ್ಲಿಸಿ ತಲೆ ಎತ್ತಿದರು.

ನಡೆದದ್ದು ಇಷ್ಟು. ರಾತ್ರಿ ಹನ್ನೊಂದೂವರೆಗೆ ಬೆಲ್ ಆಯಿತು. ಹುಡುಗ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತಿದ್ದ, ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಪಕ್ಕದಲ್ಲಿ ಅವನ ಸ್ನೇಹಿತ. ಈ ಸ್ನೇಹಿತನ ಮೇಲೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಒಂದು ದಿನವಾದರೂ ಗೇಟ್ ಹಾಕಿ ಹೋದವನಲ್ಲ. ನಮ್ಮೆಜಮಾನರು "ಬ್ಯಾಚುಲರ್‌ಗಳಿಗೆ ಮನೆ ಕೊಡಬೇಡ ಅಂತ ಬಡ್ಕೊಂಡೆ" ಅನ್ನುತ್ತಲೇ ಕಾರ್ ತೆಗೆದರು. ಬನಶಂಕರಿಯಿಂದ ಆಸ್ಪತ್ರೆ ತಲುಪುವವರೆಗೂ ಅದನ್ನೇ ಹೇಳಿದರು. ಆದರೆ ಸಿಗ್ನಲ್‌ನಲ್ಲಿ ಎಲ್ಲೂ ಕಾರ್ ನಿಲ್ಲಿಸಲಿಲ್ಲ.

ಮಾನಿಟರ್‌ನಲ್ಲಿ ಎದೆಬಡಿತ 150ರ ಹತ್ತಿರ ಇತ್ತು. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ. "ಏನು ತಗೊಂಡಿದ್ದೀರಿ?" ಅಂತ ಕೇಳಿದಳು. "ಏನಿಲ್ಲ ಮೇಡಂ, ಸ್ವಲ್ಪ ಬಿಯರ್" ಅಂತ ಇವನು ನನ್ನ ಕಡೆ ನೋಡಿದ. ಆ ಹುಡುಗಿ ಜಾಣೆ. "ಆಂಟಿ, ನೀವು ಕೌಂಟರ್‌ನಲ್ಲಿ ಹೆಸರು ಬರೆಸಿ ಬನ್ನಿ" ಅಂದಳು. ಕೌಂಟರ್‌ನಲ್ಲಿ ಆಗಲೇ ನಮ್ಮೆಜಮಾನರು ನಿಂತಿದ್ದರು, ನನಗೇನೂ ಕೆಲಸ ಇರಲಿಲ್ಲ. ವಾಪಸ್ ಬಂದಾಗ ಕೇಸ್ ಶೀಟ್‌ನಲ್ಲಿ ಒಂದು ಮಾತ್ರೆಯ ಹೆಸರು ಸೇರಿತ್ತು: ಮೀಥೈಲ್‌ಫೆನಿಡೇಟ್.

ಅದು ಕದ್ದು ತಂದದ್ದಲ್ಲ. ಆಮೇಲೆ ಅವನೇ ಎಲ್ಲ ಹೇಳಿದ. ಅವನಿಗೆ ಎಡಿಎಚ್‌ಡಿ ಇದೆ. ಗಮನ ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೆ ಸೈಕಿಯಾಟ್ರಿಸ್ಟ್ ಬರೆದುಕೊಟ್ಟ ಮಾತ್ರೆ. ಅದರಿಂದ ಅವನ ಕೆಲಸ ಸುಧಾರಿಸಿದೆ, ಬಾಡಿಗೆಯೂ ಈಗ ಸರಿಯಾದ ತಾರೀಕಿಗೆ ಬರುತ್ತಿದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅವತ್ತು ಆಫೀಸಿನಲ್ಲಿ ರಿಲೀಸ್ ಇತ್ತಂತೆ. ಬೆಳಗಿನದ್ದು ಸಾಲದು ಅಂತ ಸಂಜೆ ಇನ್ನೊಂದು ನುಂಗಿದ್ದಾನೆ. ಕೆಲಸ ಮುಗಿದ ಖುಷಿಗೆ ಕೋರಮಂಗಲದಲ್ಲಿ ಪಾರ್ಟಿ.

ಸ್ನೇಹಿತ ಅವನ ಪರ ವಾದ ಮಾಡಿದ. "ಎಷ್ಟು ಕುಡಿದ್ರೂ ಅವನಿಗೆ ಏರಿರಲಿಲ್ಲ ಮೇಡಂ, ಸ್ಟೆಡಿಯಾಗೇ ಇದ್ದ."

"ಏರಿದ್ದು ಗೊತ್ತಾಗದೇ ಇರೋದೇ ತೊಂದರೆ" ಅಂದಳು ಡಾಕ್ಟರ್.

ಮದ್ಯ ಮಂಪರು ತರುತ್ತದೆ, ಈ ಮಾತ್ರೆ ಎಚ್ಚರ ಇಡುತ್ತದೆ. ಎರಡೂ ಸೇರಿದರೆ ಒಂದನ್ನೊಂದು ಹೊಡೆದುಹಾಕುತ್ತವೆ ಅಂತ ಹುಡುಗರ ಲೆಕ್ಕ. ಹಾಗೇನೂ ಆಗುವುದಿಲ್ಲ. ರಕ್ತದಲ್ಲಿ ಮದ್ಯ ಎಷ್ಟಿತ್ತೋ ಅಷ್ಟೇ ಇರುತ್ತದೆ, ಸಾಕು ಅನ್ನಿಸುವುದು ಮಾತ್ರ ನಿಂತುಹೋಗುತ್ತದೆ. ಅದಕ್ಕೇ ಇನ್ನೊಂದು, ಮತ್ತೊಂದು ಇಳಿಯುತ್ತದೆ. ಸಾಲದ್ದಕ್ಕೆ, ಮದ್ಯ ಜೊತೆಗಿದ್ದರೆ ರಕ್ತದಲ್ಲಿ ಮಾತ್ರೆಯ ಮಟ್ಟವೇ ಜಾಸ್ತಿ ಆಗುತ್ತದೆ. ಲಿವರ್‌ನಲ್ಲಿ ಅದರ ಸ್ವಲ್ಪ ಭಾಗ ಈಥೈಲ್‌ಫೆನಿಡೇಟ್ ಅನ್ನುವ ಬೇರೆಯದೇ ಆಗಿಬಿಡುತ್ತದೆ, ಅದೂ ಉತ್ತೇಜಕವೇ. ಹೊಡೆತ ಬೀಳುವುದು ಎದೆಬಡಿತ, ಬಿಪಿ ಮೇಲೆ.

ಬಿಪಿ ಏರಿಸುವುದು ಈ ಔಷಧಿಯ ಹುಟ್ಟುಗುಣ. 1944ರಲ್ಲಿ ಇದನ್ನು ಮೊದಲು ತಯಾರಿಸಿದ ಪಾನಿಝೋನ್ ಅನ್ನುವ ರಸಾಯನಶಾಸ್ತ್ರಜ್ಞ ಸ್ವಿಟ್ಜರ್ಲೆಂಡಿನ ಸೀಬಾ ಅನ್ನುವ ಔಷಧ ಕಂಪನಿಯಲ್ಲಿದ್ದ. ಅವನ ಹೆಂಡತಿ ರೀಟಾಗೆ ಲೋ ಬಿಪಿ. ಆಕೆ ಟೆನಿಸ್ ಆಡುವ ಮುಂಚೆ ಇದನ್ನು ತಗೊಳ್ಳುತ್ತಿದ್ದಳಂತೆ. ಈ ಮಾತ್ರೆಗೆ ರಿಟಾಲಿನ್ ಅನ್ನೋ ಬ್ರ್ಯಾಂಡ್ ಹೆಸರು ಬಂದಿದ್ದೂ ಆಕೆಯಿಂದಲೇ. ಅವತ್ತು ರಾತ್ರಿ ನಿದ್ದೆ ಬರದೆ ಇದನ್ನೆಲ್ಲ ಓದಿಕೊಂಡು ಕೂತಿದ್ದೆ.

ಡಾಕ್ಟರ್ ಸುಮ್ನೆ ಹೆದರಿಸಲಿಲ್ಲ. ಹೇಳಿದಷ್ಟೇ ತಗೊಂಡರೆ, ಹೃದಯ ಗಟ್ಟಿ ಇದ್ದರೆ, ಬಹಳಷ್ಟು ಜನಕ್ಕೆ ಇದರಿಂದ ಅಪಾಯ ಇಲ್ಲ ಅಂದಳು. ನಿಜ, 2011ರಲ್ಲಿ ಅಮೆರಿಕದಲ್ಲಿ ಮಕ್ಕಳು, ಯುವಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲೂ ಹಾರ್ಟ್ ಅಟ್ಯಾಕ್, ಹಠಾತ್ ಸಾವು ಹೆಚ್ಚಿದ್ದು ಕಂಡಿರಲಿಲ್ಲ. ಆದರೆ ಹೃದಯದ ಸ್ನಾಯು ದಪ್ಪ ಆಗಿರುವವರು, ಬಡಿತದ ಲಯ ತಪ್ಪುವವರು, ಹುಟ್ಟಿನಿಂದಲೇ ದೋಷ ಇರುವವರ ವಿಷಯ ಬೇರೆ. ಇದು ಹೊರಗೆ ಕಾಣುವುದಿಲ್ಲ. ಅದಕ್ಕೇ ಮಾತ್ರೆ ಶುರು ಮಾಡುವ ಮುಂಚೆ ಮನೆಯವರ ಚರಿತ್ರೆ ಕೇಳುತ್ತಾರೆ. ಇವನ ಸೈಕಿಯಾಟ್ರಿಸ್ಟ್ ಕೂಡ ಕೇಳಿದ್ದರು. ಇಲ್ಲ ಅಂದಿದ್ದ. ಸುಳ್ಳು ಹೇಳಿರಲಿಲ್ಲ ಪಾಪ, ಮಾವ ಗ್ಯಾಸ್ಟ್ರಿಕ್‌ನಿಂದ ಹೋದರು ಅಂತಲೇ ಕೇಳಿ ಬೆಳೆದವನು.

ಆ ಮಾವ ರಾತ್ರಿ ಊಟ ಮಾಡಿ ಎದೆ ಉರಿ ಅಂದರಂತೆ. ಸೋಡಾ ಕುಡಿದು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಪೋಸ್ಟ್‌ಮಾರ್ಟಂ ಯಾಕೆ ಅಂದರು ಹಿರಿಯರು. ಅಲ್ಲಿಗೆ ಗ್ಯಾಸ್ಟ್ರಿಕ್ ಅಂತ ತೀರ್ಮಾನ ಆಯಿತು, ಇಪ್ಪತ್ತು ವರ್ಷ ಯಾರೂ ಮತ್ತೆ ಕೇಳಲಿಲ್ಲ. ನಮ್ಮ ಕಡೆಯೂ ಇದೇ ಕಥೆ ಅಲ್ವಾ? ಎದೆನೋವು ಅಂದರೆ ಮೊದಲು ಬರುವುದು ಜೀರಿಗೆ ಕಷಾಯ. ಅಪ್ಪು ಹೋದಾಗ, 2021ರಲ್ಲಿ, ಜಯದೇವ ಆಸ್ಪತ್ರೆ ಮುಂದೆ ಎಷ್ಟು ಜನ ಸೇರಿದರು! ಇಡೀ ಬೆಂಗಳೂರಿಗೆ ತನ್ನ ಎದೆ ನೆನಪಾಗಿತ್ತು. ಆ ಸಾಲಿನಲ್ಲಿ ಎಷ್ಟು ಜನ ತಮ್ಮ ಚಿಕ್ಕಪ್ಪ, ಮಾವ ಯಾವುದರಿಂದ ಹೋದರು ಅಂತ ಮನೆಯಲ್ಲಿ ಕೇಳಿ ಬಂದಿದ್ದರೋ.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತಿದೆ. ಈ ಮಾತ್ರೆ ಶೆಡ್ಯೂಲ್ ಎಕ್ಸ್‌ನಲ್ಲಿದೆ, ಅಂದರೆ ಬಿಗಿ ನಿಯಂತ್ರಣ ಇರುವ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ. ಡಾಕ್ಟರು ಚೀಟಿ ಎರಡು ಪ್ರತಿ ಬರೆಯಬೇಕು, ಒಂದನ್ನು ಮೆಡಿಕಲ್ ಶಾಪ್‌ನವರು ಎರಡು ವರ್ಷ ಜೋಪಾನ ಮಾಡಬೇಕು. ಅಂಗಡಿಯವನ ಹತ್ತಿರ ದಾಖಲೆ ಇದೆ, ಹೆತ್ತ ತಾಯಿಗೆ ಗೊತ್ತಿಲ್ಲ. ಕುಡಿಯುವುದು ಸೈಕಿಯಾಟ್ರಿಸ್ಟಿಗೆ ಗೊತ್ತಿಲ್ಲ. ಮಾವನ ವಿಷಯ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾವು ಮರ್ಯಾದೆ ಅಂತ ಮುಚ್ಚಿಡುತ್ತೇವೆ, ಮಕ್ಕಳು ಅಮ್ಮ ಬೈತಾಳೆ ಅಂತ ಮುಚ್ಚಿಡುತ್ತಾರೆ.

ಬೆಳಗಿನ ಜಾವಕ್ಕೆ ಬಡಿತ ಇಳಿಯಿತು. ಸದ್ಯಕ್ಕೆ ಮಾತ್ರೆ ನಿಲ್ಲಿಸಿ ಸೈಕಿಯಾಟ್ರಿಸ್ಟನ್ನು ನೋಡಿ, ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಅಂದರು. ತಾಯಿ ಭಾನುವಾರವೇ ಬಸ್ ಹತ್ತಿ ಬಂದರು. ಮಗನಿಗೆ ಬೈಯಲಿಲ್ಲ, ಅದೊಂದು ದೊಡ್ಡ ಗುಣ. ಸ್ನೇಹಿತನಿಗೆ ಮಾತ್ರ ಚೆನ್ನಾಗಿ ಬಿತ್ತು, ನಾನು ಬಿಡಿಸಲು ಹೋಗಲಿಲ್ಲ.

ಆ ತಮ್ಮನಿಗೆ ಇಬ್ಬರು ಮಕ್ಕಳಿದ್ದಾರೆ, ಇಬ್ಬರೂ ಇಪ್ಪತ್ತು ದಾಟಿದವರು. ಅವರಿಗೂ ಒಂದು ಇಸಿಜಿ, ಎಕೋ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದಾಳೆ. "ಇಷ್ಟು ವರ್ಷ ಆದ್ಮೇಲೆ ನಾದಿನಿಗೆ ಏನಂತ ಹೇಳೋದು ಮಾರಾಯ್ರೆ?" ಅಂತ ಹುಡುಗನ ತಾಯಿ ನನ್ನನ್ನೇ ಕೇಳಿದರು. ಇನ್ನೂ ಫೋನ್ ಮಾಡಿಲ್ಲ. ಇವತ್ತು ಸಂಜೆ ನನ್ನ ಎದುರಿಗೇ ಮಾಡಿಸುತ್ತೇನೆ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.