ಪಟ್ಟಿಯಲ್ಲಿ ಇಲ್ಲದ ಉದಾಹರಣೆ

ಭಾನುವಾರ ಅಕ್ಕನ ಮಗಳು ಸೋಮವಾರಪೇಟೆಗೆ ಬಂದಿದ್ದಳು. ಕೈಯಲ್ಲಿ ಕಷ್ಟದ ಇಂಗ್ಲಿಷ್ ಪದಗಳ ಪಟ್ಟಿ. ಟ್ಯೂಷನ್‌ನಲ್ಲಿ ದಿನಕ್ಕೆ ಐವತ್ತು ಪದ ಬಾಯಿಪಾಠ ಆಗಬೇಕಂತೆ. ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿ, 'ಎಫೆಮೆರಲ್, ಲಾಸ್ಟಿಂಗ್ ಫಾರ್ ಎ ವೆರಿ ಶಾರ್ಟ್ ಟೈಮ್' ಅಂತ ಹೇಳಿಕೊಳ್ಳುತ್ತಿದ್ದಳು. ಎದುರಿಗೆ ಇಡೀ ಕಾಫಿ ತೋಟ ಹೂಬಿಟ್ಟು ಬೆಳ್ಳಗೆ ನಿಂತಿತ್ತು. ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡೋಕೆ ಬೇಕಾದ ಬೇಸಿಗೆಯ ಮಳೆ, ಬಿದ್ದು ಹತ್ತು ದಿನ ಆಗಿತ್ತು ಅಷ್ಟೆ.

"ಯಾವುದಕ್ಕೆ ಹಾಗನ್ನಬಹುದು, ಒಂದು ಉದಾಹರಣೆ ಹೇಳು" ಅಂದೆ.

"ಪಟ್ಟಿಯಲ್ಲಿ ಉದಾಹರಣೆ ಇಲ್ಲ ಚಿಕ್ಕಮ್ಮ."

ಈ ಮಾತು ವಾರವಿಡೀ ನನ್ನ ತಲೆಯಿಂದ ಹೋಗಿಲ್ಲ. ಹುಡುಗಿ ಜಾಣೆ. ಅವಳ ತಪ್ಪಲ್ಲ ಇದು. ಆ ಮೇಷ್ಟ್ರೂ ಕೆಟ್ಟವರಲ್ಲ, ಪರೀಕ್ಷೆಯ ಭಯ ಅವರಿಗೂ ಇದೆ. ಆದರೆ ಕಣ್ಣು ಮುಚ್ಚಿಸಿ ಪದ ಕಲಿಸೋದು ನನಗೆ ಸರಿ ಕಾಣಲ್ಲ.

ಅಷ್ಟರಲ್ಲಿ ಅಮ್ಮ ಕಾಫಿ ತಂದಿಟ್ಟು, "ಓದೋದು ಇದ್ದಿದ್ದೇ ಪುಟ್ಟಿ, ಮೊದಲು ಹೂವು ನೋಡು, ನಾಡಿದ್ದಿಗೆ ಇರಲ್ಲ" ಅಂದರು.

"ಅಜ್ಜಿ ಈಗ ಹೇಳಿದ್ದೇ ಎಫೆಮೆರಲ್" ಅಂದೆ. ಗ್ರೀಕ್‌ನಲ್ಲಿ ಹೆಮೆರ ಅಂದರೆ ದಿನ, ಒಂದು ದಿನದ ಬಾಳು ಅಂತ ಆ ಪದದ ಮೂಲ ಅರ್ಥ, ಅಂತಲೂ ಹೇಳಿದೆ. ಅವಳು ಪಟ್ಟಿ ಕೆಳಗಿಟ್ಟು ತೋಟದ ಕಡೆ ನೋಡಿದಳು. ಸುಮಾರು ಹೊತ್ತು ನೋಡಿದಳು. ಆಮೇಲೆ ತಾನೇ ಕೇಳಿದಳು: "ಮೊದಲ ಮಳೆಗೆ ಮಣ್ಣಿನ ವಾಸನೆ ಬರುತ್ತಲ್ಲ, ಅದಕ್ಕೂ ಪದ ಇದ್ಯಾ?"

ಇದೆ. ಪೆಟ್ರಿಕೋರ್. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಕಟ್ಟಿದ ಪದ. ಪೆಟ್ರ ಅಂದರೆ ಕಲ್ಲು, ಇಕೋರ್ ಅಂದರೆ ಗ್ರೀಕ್ ದೇವತೆಗಳ ಮೈಯಲ್ಲಿ ಹರಿಯುವ ರಕ್ತ. ಕಲ್ಲಿನ ರಕ್ತ! ಇದನ್ನು ಅವಳು ಒಂದೇ ಸಲಕ್ಕೆ ಕಲಿತಳು, ಯಾಕಂದ್ರೆ ವಾಸನೆ ಅವಳಿಗೆ ಮೊದಲೇ ಗೊತ್ತಿತ್ತು, ಹೆಸರು ಮಾತ್ರ ಬೇಕಿತ್ತು.

ಹೂಮಳೆ ಅನ್ನೋ ಪದಕ್ಕೆ ನಮಗೆ ಯಾರಾದರೂ ಅರ್ಥ ಬರೆಸಿದ್ದರಾ? ಮಾರ್ಚ್ ಬಂದರೆ ಅಪ್ಪ ಮೋಡ ನೋಡುತ್ತಾ ಅಂಗಳದಲ್ಲಿ ನಿಲ್ಲುತ್ತಿದ್ದರು, ಮಳೆ ತಡವಾದರೆ ಸ್ಪ್ರಿಂಕ್ಲರ್ ಹಾಕೋಕೆ ಕೆರೆಯಲ್ಲಿ ನೀರಿಲ್ಲ ಅಂತ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ, ಆ ಪದ ನಮ್ಮೊಳಗೆ ಬಂದಿದ್ದು ಹಾಗೆ. ಇಂಗ್ಲಿಷ್ ಪದಕ್ಕೂ ಅಷ್ಟು ಜಾಗ, ಅಷ್ಟು ಸಮಯ ಕೊಟ್ಟರೆ ಅದೂ ಒಳಗೆ ಬರುತ್ತೆ ಅಲ್ವಾ?

ಅವಳ ಪಟ್ಟಿಯಲ್ಲಿ ಇನ್ನೂ ಮುನ್ನೂರು ಪದ ಇವೆ. ಮುಂದಿನ ಭಾನುವಾರವೂ ಕಳಿಸು ಅಂತ ಅಕ್ಕನಿಗೆ ಫೋನ್ ಮಾಡಿದ್ದೇನೆ.