ರೋಡಿಗೆ ಬಂದ ದನಕ್ಕೆ ಹಾರ್ನ್ ಹೊಡೀಬೇಡಿ, ದಾರಿ ಬಿಡಿ

ಮಳೆ ಹಿಡ್ಕೊಳ್ತು ಅಂದ್ರೆ ನಮ್ಮ ಬಿ.ಎಚ್. ರೋಡಲ್ಲಿ, ಅಂದ್ರೆ ಬೆಂಗಳೂರು-ಹೊನ್ನಾವರ ರೋಡಲ್ಲಿ, ದನಗಳು ಟಾರ್ ಮೇಲೆ ಬಂದು ಮಲಗೋಕೆ ಶುರು ಮಾಡ್ತವೆ. ಅರಸೀಕೆರೆ ದಾಟಿ ಬಾಣಾವರ, ಕಡೂರು, ಬೀರೂರು, ತರೀಕೆರೆ ತನಕ ರಾತ್ರಿ ಓಡಾಡೋರಿಗೆಲ್ಲ ಇದು ಗೊತ್ತು. ಹೊಲ, ಗೋಮಾಳ ಎಲ್ಲಾ ಕೆಸರಾಗಿರುತ್ತೆ, ನೊಣ ಸೊಳ್ಳೆ ಕಾಟ ಬೇರೆ, ಟಾರ್ ರೋಡು ಮಾತ್ರ ಬೇಗ ಒಣಗುತ್ತೆ, ಹಗಲಿನ ಬಿಸಿ ಸ್ವಲ್ಪ ಉಳ್ಕೊಂಡಿರುತ್ತೆ, ಗಾಡಿ ಹೋದಾಗೆಲ್ಲ ಗಾಳಿ ಬೀಸಿ ನೊಣ ಹಾರೋಗುತ್ತೆ. ದನಕ್ಕೆ ಇದಕ್ಕಿಂತ ಒಳ್ಳೆ ಜಾಗ ಯಾವುದು ಹೇಳಿ. ಅದು ಅಲ್ಲಿ ಮಲಗೋದ್ರಲ್ಲಿ ಅದರ ಲೆಕ್ಕ ಸರಿಯಾಗೇ ಇದೆ, ಎಂಬತ್ತರ ಸ್ಪೀಡಲ್ಲಿ ಬರೋ ಲಾರಿ ಏನು ಅಂತ ಅದಕ್ಕೆ ಗೊತ್ತಿಲ್ಲ ಅಷ್ಟೇ.

ನಾನು ಈ ರೋಡಲ್ಲಿ ವರ್ಷಗಟ್ಟಲೆ ಓಡಾಡ್ತಿದ್ದೀನಿ, ದನ ಕಂಡ್ರೆ ನಿಲ್ಸಿ ಇಳಿಯೋದು ಅಭ್ಯಾಸ ಆಗಿಹೋಗಿದೆ. ನಿಲ್ಸೋರು ಇನ್ನೂ ತುಂಬಾ ಜನ ಇದಾರೆ, ಅದು ಖುಷಿ ವಿಷ್ಯ. ಆದ್ರೆ ನಿಲ್ಸಿದ ಮೇಲೆ ಏನು ಮಾಡ್ಬೇಕು ಅನ್ನೋದು ಹಳ್ಳಿ ಬಿಟ್ಟು ಒಂದು ತಲೆಮಾರು ಆದೋರಿಗೆ ಮರ್ತೇ ಹೋಗಿದೆ, ಎಲ್ರೂ ಹಾರ್ನ್ ಹೊಡೀತಾರೆ, ಚಪ್ಪಾಳೆ ತಟ್ತಾರೆ, ಒಬ್ಬ ಬಾಲ ತಿರುಚ್ತಾನೆ, ಇನ್ನೊಬ್ಬ ಬಾಟ್ಲಿ ಎಸೀತಾನೆ, ದನ ಗಾಬರಿ ಆಗಿ ಎದುರು ಲೇನಿಗೆ ನುಗ್ಗುತ್ತೆ. ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದ್ಲು ಮಲಗಿರೋ ದನದ ವಿಷ್ಯ ಹೇಳ್ತೀನಿ. ದನ ಏಳುವಾಗ ಗಮನಿಸಿದ್ದೀರಾ, ಮುಂಗಾಲು ಮಂಡಿ ಊರ್ಕೊಂಡು ತಲೆ ಮುಂದಕ್ಕೆ ಚಾಚಿ, ಮೊದ್ಲು ಹಿಂಭಾಗ ಎತ್ತುತ್ತೆ, ಆಮೇಲೆ ಮುಂಗಾಲು. ಕುದುರೆ ಇದರ ಉಲ್ಟಾ, ಮುಂಗಾಲು ಮೊದ್ಲು. ಅಂದ್ರೆ ದನಕ್ಕೆ ಏಳೋಕೆ ಮುಖದ ಮುಂದೆ ಒಂದಿಷ್ಟು ಖಾಲಿ ಜಾಗ ಬೇಕೇ ಬೇಕು. ನಾವೇನ್ ಮಾಡ್ತೀವಿ, ಕಾರಿನ ಬಂಪರ್ ಅದರ ಮೂತಿ ಹತ್ರಕ್ಕೇ ತಗೊಂಡು ಹೋಗಿ ಹಾರ್ನ್ ಒತ್ತುತೀವಿ, ಹೈ ಬೀಮ್ ಬೇರೆ ಕಣ್ಣಿಗೆ ಹೊಡೀತಿರುತ್ತೆ. ಅದಕ್ಕೆ ಏನೂ ಕಾಣಲ್ಲ, ಏಳೋಕೆ ಜಾಗ ಇಲ್ಲ, ಸುಮ್ನೆ ಕೂತಿರುತ್ತೆ, ನಾವು ಮೊಂಡು ದನ ಅಂತ ಬೈಯ್ತೀವಿ. ಗಾಡಿ ಹಿಂದಕ್ಕೆ ತಗೊಳ್ಳಿ, ಲೈಟು ಡಿಮ್ ಮಾಡಿ, ಪಕ್ಕದಿಂದ ನಿಧಾನಕ್ಕೆ ಹೋಗಿ ಸೊಂಟದ ಹತ್ರ ಕೈಯಲ್ಲಿ ತಟ್ಟಿ ಮಾತಾಡ್ಸಿ, ಸುಮಾರು ದನಗಳು ತಾವಾಗೇ ಎದ್ದು ಹೋಗ್ತವೆ. ತಟ್ಟಿದ್ರೂ ಹಿಂಭಾಗ ಎತ್ತೋಕೇ ಆಗ್ತಿಲ್ಲ ಅಂದ್ರೆ ಪೆಟ್ಟು ಬಿದ್ದಿರಬಹುದು, ಆಗ ಎಳೆಯೋಕೆ ಹೋಗ್ಬೇಡಿ.

ನಿಂತಿರೋ ದನಕ್ಕೆ ಇನ್ನೊಂದು ಲೆಕ್ಕ. ಅದರ ಕಣ್ಣು ತಲೆಯ ಎರಡೂ ಪಕ್ಕದಲ್ಲಿರೋದ್ರಿಂದ ಸುತ್ತ ಹೆಚ್ಚುಕಮ್ಮಿ ಎಲ್ಲಾ ಕಾಣುತ್ತೆ, ನೇರ ಬೆನ್ನ ಹಿಂದೆ ಮಾತ್ರ ಕಾಣಲ್ಲ. ಕಾಣದ ಕಡೆಯಿಂದ ಸದ್ದು ಬಂದ್ರೆ ಒದೆಯುತ್ತೆ ಇಲ್ಲಾ ಓಡುತ್ತೆ. ಹಾಗಾಗಿ ಹಿಂದೆ ಸ್ವಲ್ಪ ಓರೆಯಾಗಿ, ಅದಕ್ಕೆ ಕಾಣೋ ಹಾಗೆ ನಿಲ್ಲಬೇಕು. ನೀವು ಅದರ ಹೆಗಲಿಗಿಂತ ಹಿಂದೆ ಇದ್ರೆ ಮುಂದಕ್ಕೆ ಹೆಜ್ಜೆ ಹಾಕುತ್ತೆ, ಹೆಗಲಿಗಿಂತ ಮುಂದೆ ಬಂದ್ರೆ ನಿಲ್ಲುತ್ತೆ ಇಲ್ಲಾ ತಿರುಗುತ್ತೆ. ಇದು ದನ ಕಾಯೋ ಹುಡುಗ್ರಿಗೆಲ್ಲ ಗೊತ್ತಿರೋ ವಿಷ್ಯ, ಯಾರೂ ಹೇಳ್ಕೊಟ್ಟಿರಲ್ಲ. ಒಂದು ಹೆಜ್ಜೆ ನೀವು ಹೋಗಿ, ಅದು ನಡೆದ್ರೆ ನೀವು ನಿಂತ್ಕೊಳ್ಳಿ. ಇನ್ನೊಂದು, ಬಿಳಿ ಪಟ್ಟೆ, ನೆರಳು, ಮೋರಿ ಮೇಲಿನ ಕಬ್ಬಿಣದ ಜಾಲರಿ ಇಂಥದ್ದು ಕಂಡ್ರೆ ದನ ತಡವರಿಸುತ್ತೆ, ಅಲ್ಲಿ ಹಳ್ಳ ಇದೆಯೇನೋ ಅಂತ ಅನುಮಾನ ಪಡುತ್ತೆ. ತಲೆ ತಗ್ಗಿಸಿ ಮೂಸಿ ನೋಡೋಕೆ ಬಿಡಿ, ಅರ್ಧ ನಿಮಿಷ ಆಗುತ್ತೆ, ದಾಟುತ್ತೆ.

ಇದೆಲ್ಲಕ್ಕಿಂತ ಮುಂಚೆ ಟ್ರಾಫಿಕ್ ನೋಡ್ಕೊಳ್ಳಿ. ಗಾಡಿ ಪೂರ್ತಿ ಸೈಡಿಗೆ ಹಾಕಿ, ನಾಲ್ಕೂ ಇಂಡಿಕೇಟರ್ ಹಾಕಿ, ಡಿಕ್ಕಿಯಲ್ಲಿ ಬಿದ್ದಿರೋ ಕೆಂಪು ತ್ರಿಕೋನ ತೆಗೆದು ಒಂದು ನೂರು ಹೆಜ್ಜೆ ಹಿಂದೆ ಇಡಿ, ಜೊತೇಲಿ ಇನ್ನೊಬ್ರಿದ್ರೆ ಮೊಬೈಲ್ ಟಾರ್ಚ್ ಹಿಡ್ಕೊಂಡು ರೋಡಿನ ಅಂಚಲ್ಲಿ ನಿಂತು ಗಾಡಿಗಳಿಗೆ ಕೈ ಮಾಡ್ಲಿ. ದನ ಉಳಿಸೋಕೆ ಹೋಗಿ ಜನ ಸತ್ತಿರೋದು ಉಂಟು, ತಿರುವಲ್ಲಿ, ಮಂಜಲ್ಲಿ, ಒಬ್ರೇ ಇದ್ದಾಗ ಇಳೀಬೇಡಿ, ಮುಂದೆ ಹೋಗಿ ಫೋನ್ ಮಾಡಿ.

ಹೋದ ಮಳೆಗಾಲದಲ್ಲಿ ಕಡೂರು ಬೀರೂರು ಮಧ್ಯೆ ಆಗಿದ್ದು ಹೇಳ್ಬೇಕು. ಸಂಜೆ ಹೊತ್ತು, ಜಿಟಿಜಿಟಿ ಮಳೆ, ಡಿವೈಡರ್ ಪಕ್ಕ ಒಂದು ಎಮ್ಮೆ ನಿಂತಿತ್ತು. ಎಮ್ಮೆ ಕತ್ತಲಲ್ಲಿ ಕಾಣೋದೇ ಇಲ್ಲ, ದನ ಆದ್ರೆ ಬಿಳಿ ಮೈ ಆದ್ರೂ ಮಿಂಚುತ್ತೆ, ಎಮ್ಮೆ ನಮ್ಮ ಕಡೆ ಮುಖ ಮಾಡಿದ್ರೆ ಕಣ್ಣು ಮಾತ್ರ ಹೊಳೆಯುತ್ತೆ, ಆ ಕಡೆ ತಿರುಗಿದ್ರೆ ಅದೂ ಇಲ್ಲ. ಕೊರಳಲ್ಲಿ ಕಣ್ಣಿ ಇತ್ತು, ಅದರ ತುದೀಲಿ ಕಿತ್ತು ಬಂದ ಗೂಟ ಕಾಲಿಗೆ ತಾಗ್ತಾ ಎಳೀತಿತ್ತು, ಪ್ರತಿ ಹೆಜ್ಜೆಗೂ ಗೂಟ ಟಾರ್ ಮೇಲೆ ಟಕ್ ಅಂತಿತ್ತು, ಅದಕ್ಕೇ ಇನ್ನಷ್ಟು ಬೆದರ್ತಿತ್ತು. ನಾನು ಇಳಿಯೋ ಹೊತ್ತಿಗೆ ಹಾವೇರಿ ಕಡೆ ಮಾತಾಡೋ ಒಬ್ಬ ಲಾರಿ ಡ್ರೈವರ್ ಲಾರೀನ ಲೇನಿಗೆ ಅಡ್ಡ ನಿಲ್ಸಿ ಲೈಟು ಹಾಕಿ ಹಿಂದಿನ ಗಾಡೀನೆಲ್ಲ ತಡೆದುಬಿಟ್ಟಿದ್ರು. ಅಷ್ಟು ದೊಡ್ಡ ಸಹಾಯ ಇನ್ಯಾವುದೂ ಇಲ್ಲ. ನಾವು ಮೂರ್ನಾಲ್ಕು ಜನ ಎಮ್ಮೇನ ಸೈಡಿಗೆ ತರೋಕೆ ಹೆಣಗ್ತಾ ಇದ್ವಿ, ಅದು ಎರಡು ಹೆಜ್ಜೆ ಬರೋದು ಮತ್ತೆ ಡಿವೈಡರ್‌ಗೇ ಹೋಗೋದು, ಕೂಗೋದು. ಲಾರಿ ಕ್ಲೀನರ್ ಹುಡುಗ ನಿಂತು ಕೇಳ್ದ, "ಅದು ಕರೂನ ಕರೀತೈತ್ರೀ" ಅಂದ. ಹೋಗಿ ನೋಡಿದ್ರೆ ಹೌದು, ಡಿವೈಡರ್ ಆ ಕಡೆ ಗಿಡದ ಮರೆಯಲ್ಲಿ ಒಂದು ಪುಟ್ಟ ಕರು ನಡುಗ್ತಾ ನಿಂತಿದೆ.

ಆಮೇಲೆ ಎಮ್ಮೆ ತಂಟೆಗೇ ಯಾರೂ ಹೋಗ್ಲಿಲ್ಲ. ಆ ಕಡೆ ಗಾಡಿ ತಡೆದು, ಹುಡುಗ ಕರೂನ ಒಂದು ಕೈ ಎದೆಗೆ ಒಂದು ಕೈ ತೊಡೆ ಹಿಂದೆ ಕೊಟ್ಟು ತಬ್ಬಿ ಹಿಡ್ಕೊಂಡು ಡಿವೈಡರ್ ಗ್ಯಾಪ್ ತನಕ ನಡೆಸ್ಕೊಂಡು ಬಂದ. ಎಮ್ಮೆ ಕೂಗೋದು ನಿಲ್ಸಿ ಬಂದು ಕರೂನ ಮೂಸಿ ನೆಕ್ಕಿ ಅದರ ಹಿಂದೇನೇ ರೋಡಿಳೀತು. ಗೂಟ ಇದ್ದ ಹಗ್ಗಾನ ಕೊರಳ ಹತ್ರಕ್ಕೆ ಸುತ್ತಿ ಕಟ್ಟಿದ್ವಿ. ಆಮೇಲೆ ಎಲ್ಲಿಗೆ ಹೊಡೆಯೋದು ಅಂತ ಗೊತ್ತಿಲ್ಲ, ಆದ್ರೆ ಕಟ್ಟಿ ಸಾಕಿದ ಎಮ್ಮೆಗೆ ಹಾಲು ಕರೆಯೋ ಹೊತ್ತಿಗೆ ಮನೆ ದಾರಿ ಯಾರೂ ಹೇಳ್ಬೇಕಾಗಿಲ್ಲ. ಸರ್ವಿಸ್ ರೋಡಲ್ಲಿ ಅದನ್ನ ಮುಂದೆ ಬಿಟ್ಟು ನಾವು ದೂರದಲ್ಲಿ ಟಾರ್ಚ್ ಹಿಡ್ಕೊಂಡು ನಡೆದ್ವಿ. ಒಂದು ತೆಂಗಿನ ತೋಟದ ಓಣಿಗೆ ತಿರುಗ್ತು, ಅಲ್ಲಿ ಆ ಕಡೆಯಿಂದ ಒಬ್ಬ ಅಜ್ಜಿ ಗೋಣಿಚೀಲ ತಲೆ ಮೇಲೆ ಹಾಕ್ಕೊಂಡು ಹುಡುಕ್ತಾ ಬರ್ತಿದ್ರು. ಸೊಸೈಟಿಗೆ ಹಾಲು ಹಾಕೋದು ಇದೊಂದರದೇ ಅಂತೆ. ಮಧ್ಯಾಹ್ನದಿಂದ ಕೆರೆ ಏರಿ ಕಡೆ ಹುಡುಕಿದಾರೆ, ರೋಡಿನ ಕಡೆ ಹೋಗಿರುತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ. ಎಮ್ಮೆ ಬೆನ್ನ ಮೇಲೆ ಕೈ ಇಟ್ಕೊಂಡು ಅಜ್ಜಿ ಅತ್ತುಬಿಟ್ರು, ಕಾಫಿ ಕುಡ್ಕೊಂಡು ಹೋಗಿ ಅಂತ ಬಲವಂತ ಮಾಡಿದ್ರು, ಅಷ್ಟರಲ್ಲಿ ಲಾರಿಯವ್ರು ಆಗ್ಲೇ ಹೊರಟಾಗಿತ್ತು, ಅವ್ರ ಹೆಸ್ರೂ ಕೇಳೋಕಾಗ್ಲಿಲ್ಲ.

ಅವತ್ತಿಂದ ನಾನು ಯಾವ ದನ ಕಂಡ್ರೂ ಮೊದ್ಲು ಸುತ್ತ ನೋಡ್ತೀನಿ. ಅದು ಯಾಕೆ ಅಲ್ಲೇ ನಿಂತಿದೆ, ಯಾವ ಕಡೆ ಮುಖ ಇದೆ, ಎಲ್ಲಿಗೆ ಹೋಗ್ಬೇಕು ಅಂತಿದೆ. ಅದು ಹೊರಟ ಕಡೆಗೇ ದಾಟಿಸಬೇಕು. ಬಂದ ಕಡೆಗೆ ವಾಪಸ್ ಓಡಿಸಿದ್ರೆ ನೀವು ಹೋದ ಮೇಲೆ ಮತ್ತೆ ಬಂದು ದಾಟುತ್ತೆ.

ಸಾಕೋರಿಗೆ ಬುದ್ಧಿ ಇಲ್ಲ, ರೋಡಿಗೆ ಬಿಟ್ಟು ಕೂತ್ಕೋತಾರೆ ಅಂತ ಎಲ್ರೂ ಹೇಳ್ತಾರೆ. ಕೆಲವ್ರು ಹಾಗೆ ಇದಾರೆ, ಇಲ್ಲ ಅನ್ನಲ್ಲ, ಹಾಲು ಕರ್ಕೊಂಡು ಬೆಳಿಗ್ಗೆ ಬಿಟ್ರೆ ಸಂಜೆ ತನಕ ತಿರುಗಿ ನೋಡಲ್ಲ. ಆದ್ರೆ ನಮ್ಮ ಕಡೆ ಕಥೆ ಬೇರೆನೂ ಇದೆ. ಬೀರೂರು, ಅಜ್ಜಂಪುರ, ಕಡೂರು, ಅರಸೀಕೆರೆ ಸೀಮೆ ಅಂದ್ರೆ ಅಮೃತಮಹಲ್ ಕಾವಲುಗಳ ಸೀಮೆ, ಮೈಸೂರು ಅರಸರ ಕಾಲದಿಂದ ದನ ಮೇಯೋಕೆ ಅಂತಲೇ ಬಿಟ್ಟಿದ್ದ ಸಾವಿರಾರು ಎಕರೆ ಹುಲ್ಲುಗಾವಲು. ಅದರಲ್ಲಿ ಎಷ್ಟೋ ಭಾಗ ಬೇರೆ ಬೇರೆ ಕೆಲಸಕ್ಕೆ ಹೋಯ್ತು, ಊರ ಗೋಮಾಳನೂ ಒತ್ತುವರಿ ಆಯ್ತು. ದನ ಹೋಗ್ಬೇಕಾದ ಜಾಗದ ಮಧ್ಯೆ ನಾಲ್ಕು ಲೇನ್ ರೋಡು ಬಂತು. ಬೇಸಿಗೇಲಿ ಡಿವೈಡರ್ ಗಿಡಕ್ಕೆ ಟ್ಯಾಂಕರ್‌ನಲ್ಲಿ ನೀರು ಹಾಕ್ತಾರೆ, ಸುತ್ತ ಎಲ್ಲಾ ಒಣಗಿರುವಾಗ ಅಲ್ಲಿ ಮಾತ್ರ ಹಸಿರು ಹುಲ್ಲು ಇರುತ್ತೆ, ದನ ಅಲ್ಲಿಗೆ ಬರದೆ ಇನ್ನೆಲ್ಲಿಗೆ ಹೋಗುತ್ತೆ. ಅದರ ಜೊತೆಗೇ ಕಣಗಿಲೆ ಬೇರೆ ನೆಟ್ಟಿರ್ತಾರೆ, ಅದರ ಎಲೆ ದನಕ್ಕೆ ವಿಷ.

ಮತ್ತೆ ಗಂಡು ಕರುಗಳು. ಎಚ್‌ಎಫ್ ಕ್ರಾಸ್ ಹಸು, ಅಂದ್ರೆ ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ವಿದೇಶಿ ತಳಿಯ ಮಿಶ್ರ ಹಸು, ಗಂಡು ಕರು ಹಾಕಿದ್ರೆ ಅದನ್ನ ಉಳುಮೆಗೆ ಯಾರೂ ಕಟ್ಟಲ್ಲ, ಟ್ರ್ಯಾಕ್ಟರ್ ಇದೆ. ಮಾರೋಕೂ ಆಗಲ್ಲ, ಸಾಕೋಕೆ ಬೂಸಾ ಹಿಂಡಿ ದುಡ್ಡು ಇಲ್ಲ. ರಾತ್ರಿ ತಗೊಂಡು ಬಂದು ಹೈವೇ ಪಕ್ಕ ಬಿಟ್ಟು ಹೋಗ್ತಾರೆ. ಒಂದು ತಿಂಗಳ ಕರು, ಮೂಳೆ ಕಾಣ್ತಿರುತ್ತೆ, ನಮ್ಮ ಬೆರಳು ಸಿಕ್ಕಿದ್ರೆ ಚೀಪೋಕೆ ಬರುತ್ತೆ. ಇದನ್ನ ನೋಡಿದಾಗ ಆಗೋ ಸಂಕಟ ನನಗೆ ಬರೆದು ಹೇಳೋಕೆ ಬರಲ್ಲ.

ಮನೆ ಇರೋ ದನ ಆದ್ರೆ ಕಿವಿ ನೋಡಿ. ಹಳದಿ ಬಿಲ್ಲೆ ಇರುತ್ತಲ್ಲ, ಅದರ ಮೇಲೆ 12 ಅಂಕಿಯ ನಂಬರ್ ಇದೆ, ಒಂದು ಫೋಟೋ ತಗೊಂಡು ಹತ್ತಿರದ ಪಶು ಆಸ್ಪತ್ರೆಗೆ ಕಳಿಸಿದ್ರೆ ಯಾರ ಮನೇದು ಅಂತ ಅವ್ರು ನೋಡಿ ಹೇಳ್ಬಹುದು. ಅಥವಾ ಹತ್ತಿರದ ಟೀ ಅಂಗಡೀಲೋ ಹಾಲಿನ ಡೈರೀಲೋ ಕೇಳಿ, ನಮ್ಮೂರುಗಳಲ್ಲಿ ದನದ ಕೊಂಬು ನೋಡೇ ಯಾರ ಮನೇದು ಅಂತ ಹೇಳೋರು ಇನ್ನೂ ಇದಾರೆ. ಪೆಟ್ಟಾಗಿದ್ರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಆಂಬುಲೆನ್ಸ್ ಅದೇ ನಂಬರಿಗೆ ಬರೋದು. ನ್ಯಾಷನಲ್ ಹೈವೇ ಆಗಿದ್ರೆ 1033, ಪೆಟ್ರೋಲಿಂಗ್ ಗಾಡಿ ಕಳಿಸ್ತಾರೆ, ಕಿಲೋಮೀಟರ್ ಕಲ್ಲಿನ ನಂಬರ್ ನೋಡಿ ಹೇಳಿದ್ರೆ ಬೇಗ ಸಿಗುತ್ತೆ. ಬೇರೆ ರೋಡಲ್ಲಿ 112. ಒಂದು ವಿಷ್ಯ ಮಾತ್ರ ನೆನಪಿಟ್ಕೊಳ್ಳಿ, ಎಷ್ಟೇ ಒಳ್ಳೆ ಮನಸ್ಸಿದ್ರೂ ಯಾರಿಗೂ ಹೇಳದೆ ದನ ಕರುನ ಗಾಡಿಗೆ ಹತ್ತಿಸ್ಕೊಂಡು ಹೊರಡಬೇಡಿ. ಕಳ್ಳತನ ಅಂತ ಗಲಾಟೆ ಆಗುತ್ತೆ, ರಾತ್ರಿ ಹೊತ್ತು ಇನ್ನೂ ಅಪಾಯ. ಪೊಲೀಸರಿಗೆ ಹೇಳಿ, ಊರಿನವ್ರನ್ನ ಒಬ್ರನ್ನ ಜೊತೆಗೆ ಕರ್ಕೊಳ್ಳಿ.

ನಾಯಿ ಆದ್ರೆ ಬೇರೆ ಎಚ್ಚರಿಕೆ, ನೋವಲ್ಲಿರೋ ನಾಯಿ ಸಾಕಿದೋರನ್ನೇ ಕಚ್ಚುತ್ತೆ, ಟವಲ್ ಮುಖದ ಮೇಲೆ ಹಾಕಿ ಆಮೇಲೆ ಕೈ ಹಾಕಿ. ಹಲ್ಲು ತಾಗಿದ್ರೆ, ಉಗುರು ಗೀರಿದ್ರೂ ಸೈತ, ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಹೋಗಿ ರೇಬಿಸ್ ಇಂಜೆಕ್ಷನ್ ತಗೊಳ್ಳಿ. ಮೊದಲ ಮಳೆಗೆ ಕೋಲಾರ, ಚಿಂತಾಮಣಿ, ಪಾವಗಡ ಕಡೆ ನಕ್ಷತ್ರ ಆಮೆ ರೋಡು ದಾಟ್ತಿರುತ್ತೆ, ಎತ್ತಿ ಅದು ಹೋಗ್ತಿದ್ದ ಕಡೆ ಹುಲ್ಲಲ್ಲಿ ಬಿಟ್ಟುಬಿಡಿ, ಮನೆಗೆ ತಂದು ಸಾಕೋದು ಅಪರಾಧ, ಅದಕ್ಕೆ ಹುಲಿಗೆ ಇರೋ ರಕ್ಷಣೆನೇ ಇದೆ. ಬಂಡೀಪುರ ನಾಗರಹೊಳೆ ಒಳಗೆ ಮಾತ್ರ ಯಾವ ಕಾರಣಕ್ಕೂ ಗಾಡಿಯಿಂದ ಇಳೀಬೇಡಿ, ಬಂಡೀಪುರದ ಹೈವೇಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ನಿಲ್ಸಿರೋದೇ ಆ ಪ್ರಾಣಿಗಳು ನೆಮ್ಮದಿಯಾಗಿ ದಾಟ್ಲಿ ಅಂತ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೈವೇಗಳಿಂದ ಬಿಡಾಡಿ ದನಗಳನ್ನ ತೆಗೆದು ಗೋಶಾಲೆ, ಆಶ್ರಯ ತಾಣಗಳಿಗೆ ಸೇರಿಸಬೇಕು, ಗಸ್ತು ತಂಡ ಇರಬೇಕು, ಹೆಲ್ಪ್‌ಲೈನ್ ನಂಬರ್ ಹಾಕಬೇಕು ಅಂತ ಆದೇಶ ಮಾಡ್ತು. ಒಳ್ಳೇದೇ. ಆದ್ರೆ ಹಿಡಿದ ದನಾನ ಅವತ್ತಿನ ರಾತ್ರಿ ಎಲ್ಲಿ ಕಟ್ಟೋದು, ಮೇವು ನೀರು ಯಾರು ಕೊಡೋದು ಅನ್ನೋದು ಊರಲ್ಲೇ ಬಗೆಹರೀಬೇಕು. ಮುಂಚೆ ಪ್ರತಿ ಊರಲ್ಲೂ ದೊಡ್ಡಿ ಇರ್ತಿತ್ತು, ಉತ್ತರ ಕರ್ನಾಟಕದ ಕಡೆ ಕೊಂಡವಾಡ ಅಂತಾರೆ, ಬೆಳೆ ಮೇಯ್ದ ದನಾನ ಅಲ್ಲಿ ಕೂಡ್ತಿದ್ರು, ಯಜಮಾನ ದಂಡ ಕಟ್ಟಿ ಬಿಡಿಸ್ಕೊಂಡು ಹೋಗ್ತಿದ್ದ. ದನನೂ ಬದುಕ್ತಿತ್ತು, ಬಿಟ್ಟೋನಿಗೆ ಬಿಸಿನೂ ಮುಟ್ತಿತ್ತು. ಈಗ ನಮ್ಮ ಕಡೆ ಒಂದು ದೊಡ್ಡೀಲಿ ನೀರಿನ ಪೈಪು ತುಂಬಿದಾರೆ, ಗೋಡೆ ಗಟ್ಟಿಯಾಗೇ ಇದೆ, ತೊಟ್ಟಿನೂ ಇದೆ, ಬಾಗಿಲು ಒಂದು ಹಾಕಿದ್ರೆ ಸಾಕು.

ಅದನ್ನ ಖಾಲಿ ಮಾಡಿಸಿಕೊಡಿ ಅಂತ ಕೆಲವರು ಸೇರಿ ಗ್ರಾಮಸಭೇಲಿ ಕೇಳಿದೀವಿ, ನೋಡೋಣ ಅಂದಿದಾರೆ, ಬಿಡದೆ ಕೇಳ್ತಾ ಇದೀವಿ. ಅಷ್ಟರೊಳಗೆ ರೋಡಿನ ಪಕ್ಕದ ಮನೆಗಳ ದನಕ್ಕೆ ಕೊರಳಿಗೆ ರೇಡಿಯಂ ಪಟ್ಟಿ ಕಟ್ತಿದೀವಿ, ಎಮ್ಮೆಗೆ ಮೊದ್ಲು. ಬೆಲ್ಟು ಹೊಲಿಯೋವಾಗ ತೀರಾ ಗಟ್ಟಿ ಹೊಲೀಬೇಡಿ, ಬೇಲಿಗೆ ಸಿಕ್ಕಾಕ್ಕೊಂಡ್ರೆ ಕಿತ್ಕೊಂಡು ಬರೋ ಹಾಗಿರ್ಲಿ.