ಕಲ್ಲು ಅರಮನೆಗೆ ಹೋಯ್ತು, ಗುಹೆಗೆ ವೈನ್ ಬಂತು

ಫ್ರಾನ್ಸಿನ ಲ್ವಾರ್ ಕಣಿವೆ ಅಂದ ತಕ್ಷಣ ಎಲ್ರೂ ಶಾಂಬೋರ್ ಅರಮನೆ ನೋಡಿ ಅಂತಾರೆ, 1519ರಲ್ಲಿ ರಾಜ ಮೊದಲನೇ ಫ್ರಾನ್ಸ್ವಾ ಶುರು ಮಾಡಿಸಿದ್ದು, ನಾನೂರಕ್ಕಿಂತ ಜಾಸ್ತಿ ರೂಮಿವೆ, ಆದ್ರೆ ಆ ಪುಣ್ಯಾತ್ಮ ಅಲ್ಲಿ ಉಳ್ಕೊಂಡಿದ್ದು ಒಟ್ಟು ಸೇರಿಸಿದ್ರೆ ಕೆಲವೇ ವಾರ ಅಂತೆ. ಅದು ಕೇಳಿದ್ಮೇಲೆ ನಂಗ್ಯಾಕೋ ಆಸೆನೇ ಹೋಯ್ತು. ನಾನು ನಮ್ಮ ಮನೆಯವ್ರು ತೂರ್ ಊರಿಂದ ಲೋಕಲ್ ಟ್ರೇನ್ ಹತ್ಕೊಂಡು ಶೆನೊನ್ಸೊಗೆ ಹೋದ್ವಿ, ಸ್ಟೇಷನ್ನಲ್ಲಿ ಇಳಿದ್ರೆ ಗೇಟು ಅಲ್ಲೇ ಪಕ್ಕದಲ್ಲಿ.

ಅರಮನೆ ಇರೋದೇ ಶೇರ್ ನದಿ ಮೇಲೆ. ಸೇತುವೆ ಕಟ್ಟಿಸಿದ್ದು ರಾಜ ಎರಡನೇ ಹೆನ್ರಿಯ ಪ್ರೇಯಸಿ ಡಯಾನ್, 1559ರಲ್ಲಿ ರಾಜ ಸತ್ತಿದ್ದೇ ತಡ ರಾಣಿ ಕ್ಯಾಥರೀನ್ ಅವಳನ್ನ ಬೇರೆ ಅರಮನೆಗೆ ಸಾಗಹಾಕಿ, ಆಮೇಲೆ ಅದೇ ಸೇತುವೆ ಮೇಲೆ ಉದ್ದಕ್ಕೂ ಹಾಲ್ ಕಟ್ಟಿಸಿದ್ಲು. ಸವತಿ ಜಗಳದಲ್ಲಿ ಇಷ್ಟು ಚೆಂದದ್ದು ಎದ್ದಿರೋದು ನಾನಂತೂ ಇನ್ನೆಲ್ಲೂ ನೋಡಿಲ್ಲ. ಎರಡನೇ ಮಹಾಯುದ್ಧದಲ್ಲಿ ಈ ನದಿನೇ ಗಡಿ, ಮುಂಬಾಗಿಲು ಜರ್ಮನ್ನರ ಹಿಡಿತದ ಕಡೆ, ಹಾಲಿನ ಆ ತುದಿ ಬಾಗಿಲು ಅವ್ರು ಇನ್ನೂ ಹಿಡೀದೇ ಇದ್ದ ಕಡೆ, ಜನ ಇದರೊಳಗಿಂದಾನೇ ತಪ್ಪಿಸ್ಕೊಂಡು ದಾಟಿದ್ದಾರೆ. ನಂಗೆ ಹಿಡಿಸಿದ್ದು ಮಾತ್ರ ಅಡುಗೆಮನೆ. ಸೇತುವೆ ಕಂಬದ ಹೊಟ್ಟೆಯೊಳಗಿದೆ, ಗೋಡೆ ತುಂಬ ತಾಮ್ರದ ಪಾತ್ರೆ, ಸಾಮಾನು ದೋಣೀಲಿ ಬಂದಿಳಿಯೋಕೆ ಕೆಳಗೇ ಕಟ್ಟೆ.

ಮಧ್ಯಾಹ್ನದ ಮೇಲೆ ವೂವ್ರೇ ಅನ್ನೋ ವೈನ್ ಮಾಡೋ ಊರಿನ ಕಡೆ ಹೋದ್ವಿ. ಇಲ್ಲಿ ಗುಡ್ಡದ ಬದಿ ಪೂರ್ತಿ ತುಫೋ ಅನ್ನೋ ಬಿಳಿ ಸುಣ್ಣಕಲ್ಲು, ಚಾಕ್‌ಪೀಸ್ ಥರ ಮೆತ್ತಗೆ, ಗೋಡೆಗೆ ಒರಗಿದ್ದಷ್ಟಕ್ಕೇ ನನ್ನ ಸ್ವೆಟರ್ ತೋಳೆಲ್ಲ ಬೆಳ್ಳಗಾಗಿತ್ತು. ಈ ಕಣಿವೆಯ ಅರಮನೆಗಳಿಗೆ ಶತಮಾನಗಟ್ಲೆ ಕಲ್ಲು ಕತ್ತರಿಸಿದ್ದು ಇಂಥ ಗುಡ್ಡಗಳಿಂದಾನೇ, ಕಲ್ಲು ಹೋಗಿ ಉಳಿದ ಗುಹೆಗಳಲ್ಲಿ ಕೆಲವ್ರು ಮನೆ ಮಾಡ್ಕೊಂಡ್ರು, ಬಾಕಿ ಕಡೆ ವೈನ್ ಇಟ್ರು. ಒಳಗೆ ವರ್ಷಪೂರ್ತಿ ಸುಮಾರು 12 ಡಿಗ್ರಿ, ಕರೆಂಟೂ ಬೇಡ ಏಸೀನೂ ಬೇಡ. ಗೋಡೆ ಮೇಲೆ ಕಲ್ಲು ಕುಟಿಕರ ಉಳಿ ಗುರುತು ಇನ್ನೂ ಹಾಗೇ ಇದೆ, ಅದರ ಕೆಳಗೆ ಧೂಳು ಹಿಡಿದ ಬಾಟಲಿಗಳ ಸಾಲು. ನಂಗೆ ಕೇಳಿದ್ರೆ ಅರಮನೆಗಿಂತ ಇದೇ ಜೀವಂತ ಜಾಗ, ಅಲ್ಲಿ ಹಗ್ಗ ಕಟ್ಟಿ ಮುಟ್ಬೇಡಿ ಅಂತಾರೆ, ಇಲ್ಲಿ ಇವತ್ತಿಗೂ ಕೆಲಸ ನಡೀತಿದೆ.

ಇಲ್ಲಿ ಬೆಳೆಯೋದು ಹೆಚ್ಚುಕಮ್ಮಿ ಒಂದೇ ದ್ರಾಕ್ಷಿ, ಶೆನಿನ್ ಬ್ಲಾಂ, ನಮ್ಮ ನಾಸಿಕ್ ಕಡೆನೂ ಬೆಳೀತಾರಲ್ಲ ಅದೇ. ಅದ್ರಲ್ಲೇ ಸಿಹಿ ಇಲ್ಲದ್ದು, ಅರೆಸಿಹಿ, ಪೂರ್ತಿ ಸಿಹಿ, ನೊರೆ ಬರೋದು, ಎಲ್ಲಾ ಮಾಡ್ತಾರೆ. ಹವಾಮಾನ ಕೈ ಕೊಟ್ರೆ ಹುಳಿ ಉಳಿಯುತ್ತೆ ಆಗ ನೊರೆದು ಜಾಸ್ತಿ ಮಾಡ್ತೀವಿ, ಬಿಸಿಲು ಚೆನ್ನಾಗಿದ್ರೆ ಹಣ್ಣನ್ನ ಬಳ್ಳೀಲೇ ಬಿಟ್ಟು ಲೇಟಾಗಿ ಕೊಯ್ತೀವಿ ಅಂತ ಅಲ್ಲಿನ ಅಜ್ಜ ಇಂಗ್ಲಿಷು ಫ್ರೆಂಚು ಬೆರೆಸಿ ಕೈಸನ್ನೆ ಮಾಡ್ತಾ ವಿವರಿಸಿದ್ರು. ರುಚಿ ನೋಡಿ ಉಗಿಯೋಕೆ ಬಕೆಟ್ ಇಟ್ಟಿದ್ರು. "ರೀ, ಅದರಲ್ಲಿ ಉಗೀಬೇಕಂತೆ" ಅಂದ್ರೆ ಇವ್ರು "ದುಡ್ಡು ಕೊಟ್ಟಿದೀನಿ ಕಣೇ" ಅಂತ ಎಲ್ಲಾ ನುಂಗಿದ್ರು.

ಸಿಹಿದು ಒಂದು ಬಾಟ್ಲಿ ತಗೊಂಡ್ವಿ. ಇಪ್ಪತ್ತು ವರ್ಷ ಇಟ್ರೂ ಕೆಡಲ್ಲ ಅಂದಿದ್ರು ಅಜ್ಜ. ಅವತ್ತು ರಾತ್ರಿನೇ ರೂಮಲ್ಲಿ, ನಡುವೆ ಹುಲ್ಲುಕಡ್ಡಿ ತೂರಿಸಿರೋ ಸಾಂತ್ ಮೋರ್ ಆಡಿನ ಚೀಸ್ ಜೊತೆ ಖಾಲಿಯಾಯ್ತು.